ನಾಯಿಗೆ ಹಚ್ಚಿದ ಸಿಂಥೆಟಿಕ್ ಆಯಿಲ್

ಕಳೆದ ತಿಂಗಳು ಜಗಳೂರಿಗೆ ಹೋದಾಗ ಬೈಕಿನ ಆಯಿಲ್ ಬದಲಿಸಿದೆ. ಹೋದ ಸಲದ ಹಾಗೆ ಈ ಸಲವೂ ಫುಲ್ ಸಿಂಥೆಟಿಕ್ಕೇ. ಮೆಕ್ಯಾನಿಕ್ ಇಳಿಸಿದ ಕಪ್ಪು ಆಯಿಲನ್ನು ಅಪ್ಪ ಬಾಟಲಿಗೆ ತುಂಬಿಸಿಕೊಂಡರು. ಗೆದ್ದಲು ಹಿಡಿಯದಿರಲಿ ಅಂತ ಬಾಗಿಲ ಚೌಕಟ್ಟಿಗೆ ಹಚ್ಚೋದು ನಮ್ಮಲ್ಲಿ ಹಳೇ ರೂಢಿ. ಸಂಜೆ ನೋಡಿದರೆ ನಾಯಿಯ ಕಜ್ಜಿಗೂ ಸವರಿಬಿಟ್ಟಿದ್ದಾರೆ!

"ಅಲ್ಲಲೇ, ಅಷ್ಟು ರೊಕ್ಕ ಕೊಟ್ಟು ಹಾಕಿಸಿದ್ದು, ಒಳ್ಳೇ ಆಯಿಲ್ಲೇ ಇರ್ತತಿ. ಏನಾಕ್ಕತಿ?" ಅಂದರು ಅಪ್ಪ.

ಅವರ ಮಾತು ಅರ್ಧ ನಿಜ. ಎಂಜಿನ್ ಆಯಿಲ್‌ನಲ್ಲಿ ಬಹುಪಾಲು ಇರೋದು ಬೇಸ್ ಆಯಿಲ್. ಕಚ್ಚಾತೈಲದಿಂದ ಬರುವ ಮಾಮೂಲಿ ಬೇಸ್ ಆಯಿಲ್‌ನಲ್ಲಿ ಎಲ್ಲ ಆಕಾರದ ಅಣುಗಳೂ ಇರುತ್ತವೆ. ಪಿಎಒ ಎಂಬ ಸಿಂಥೆಟಿಕ್‌ನಲ್ಲಿ ಬೇಕಾದ ಅಣುವನ್ನೇ ಕಾರ್ಖಾನೆಯಲ್ಲಿ ಕಟ್ಟುತ್ತಾರೆ. ಅದಕ್ಕೇ ಅದು ಬಿಸಿಗೆ ಬೇಗ ತೆಳುವಾಗಲ್ಲ, ಚಳಿಗೆ ಬೇಗ ಗಟ್ಟಿಯಾಗಲ್ಲ, ಬೇಗ ಕೆಡೋದೂ ಇಲ್ಲ. ಇದೇ ಜಾತಿಯ ಎಣ್ಣೆಯನ್ನು ಮುಖದ ಕ್ರೀಮುಗಳಲ್ಲೂ ಬಳಸ್ತಾರೆ. (ಡಬ್ಬಿ ಮೇಲೆ ಸಿಂಥೆಟಿಕ್ ಅಂತಿದ್ದದ್ದೆಲ್ಲ ಪಿಎಒ ಆಗಿರಲ್ಲ. ಕಚ್ಚಾತೈಲದ ಅಂಶವನ್ನೇ ಹೈಡ್ರೋಜನ್ ಜೊತೆ ಒಡೆದು ಮಾಡಿದ್ದನ್ನೂ ಹಾಗೇ ಕರೀತಾರೆ. ಅಮೆರಿಕದಲ್ಲಿ 1999ರ ಜಾಹೀರಾತು ಜಗಳವೊಂದರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಬೈಕಿನವರು ಆ ಪದಕ್ಕಿಂತ ಜಾಸೊ ಎಂಎ2 ಅನ್ನೋ ಗುರುತು ನೋಡೋದು ಮುಖ್ಯ. ಕಾರಿನ ಕೆಲವು ಆಯಿಲ್ ಹಾಕಿದರೆ ಕ್ಲಚ್ ಜಾರುತ್ತೆ.)

ಇನ್ನೊಂದು ಬಗೆ ಎಸ್ಟರ್. ಇದನ್ನು ಅಪ್ಪನಿಗೆ ವಿವರಿಸೋದು ಸುಲಭವಾಯ್ತು. ಹೊಲದ ಬದುವಿನಲ್ಲಿ ಬೆಳೆಯೋ ಹರಳಿನ ಎಣ್ಣೆಯೂ ನೈಸರ್ಗಿಕ ಎಸ್ಟರ್ರೇ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೆ ಅದನ್ನೇ ಹಾಕ್ತಿದ್ದರು. ಕ್ಯಾಸ್ಟ್ರಾಲ್ ಅನ್ನೋ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿಂದ. "ಹಂಗಾರೆ ನಮ್ಮ ಗಾಡಿ ಕೀಲೆಣ್ಣೆನೇ ಅನ್ನು" ಅಂತ ನಕ್ಕರು.

ತಕರಾರು ಇರೋದು ಇಳಿಸಿದ ಆಯಿಲ್ ಬಗ್ಗೆ. ಎಂಜಿನ್ನಿನೊಳಗೆ ಓಡಿದ ಮೇಲೆ ಅದರಲ್ಲಿ ಮಸಿ, ಸವೆದ ಲೋಹದ ಪುಡಿ, ಅರೆಬರೆ ಉರಿದ ಪೆಟ್ರೋಲಿನಿಂದ ಹುಟ್ಟುವ ಪಿಎಎಚ್ ಎಂಬ ರಾಸಾಯನಿಕಗಳು ಸೇರಿರುತ್ತವೆ. ಪಿಎಎಚ್‌ಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಇಲಿಗಳ ಚರ್ಮಕ್ಕೆ ಬಳಸಿದ ಆಯಿಲನ್ನು ಪದೇ ಪದೇ ಹಚ್ಚಿದ ಪ್ರಯೋಗಗಳಲ್ಲಿ ಗೆಡ್ಡೆಗಳು ಎದ್ದಿವೆ. ಡಬ್ಬಿಗೆ ಎಷ್ಟೇ ದುಡ್ಡು ಕೊಟ್ಟಿರಿ, ಈ ಕಸ ಸೇರೋದು ತಪ್ಪಲ್ಲ. ಅದರ ಮೇಲೆ ನಾಯಿ ಮೈ ನೆಕ್ಕಿಕೊಳ್ಳುತ್ತೆ.

ರಾತ್ರಿಯೇ ಪಾತ್ರೆ ತೊಳೆಯೋ ಸೋಪಿನಿಂದ ನಾಯಿಯನ್ನು ಎರಡು ಸಲ ತಿಕ್ಕಿ ತೊಳೆದೆವು. ಬೆಳಿಗ್ಗೆ ಪಶು ಆಸ್ಪತ್ರೆಯಲ್ಲಿ ಕಜ್ಜಿಗೆ ಸೂಜಿ ಹಾಕಿಸಿದೆವು. ಬಾಟಲಿಯಲ್ಲಿ ಉಳಿದದ್ದನ್ನು ಚರಂಡಿಗೆ ಸುರಿಯೋ ಹಾಗಿರಲಿಲ್ಲ. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಮೇಲಾಗಿ ನಮ್ಮೂರಲ್ಲಿ ನೀರಿಗೆ ಬೋರ್‌ವೆಲ್ಲೇ ಗತಿ. ದಾವಣಗೆರೆಯಲ್ಲಿ ಹಳೇ ಆಯಿಲ್ ವಾಪಸ್ ತಗೊಳ್ಳೋ ಸರ್ವೀಸ್ ಸೆಂಟರ್‌ಗೆ ಕೊಟ್ಟೆ.

ಅಲ್ಲೇ ನೈಟ್ರೈಲ್ ಗ್ಲೌಸಿನ ಒಂದು ಪೆಟ್ಟಿಗೆ ಕೊಂಡು ನಮ್ಮ ಮೆಕ್ಯಾನಿಕ್‌ಗೆ ತಂದುಕೊಟ್ಟೆ. ಮೊಣಕೈವರೆಗೂ ಕಪ್ಪಾಗಿದ್ದ ಕೈಯನ್ನು ಪೆಟ್ರೋಲಿನಿಂದ ಒರೆಸುತ್ತಾ, "ಇದನ್ನ ಹಾಕ್ಕಂಡ್ರೆ ನಟ್ಟು ಕೈಗೇ ಸಿಗಲ್ಲ ಸಾರ್" ಅಂದ. ಆಮೇಲೆ ಒಂದು ಜೊತೆ ತೆಗೆದು, ಪಕ್ಕದಲ್ಲಿ ಆಯಿಲ್ ಇಳಿಸ್ತಿದ್ದ ಹುಡುಗನಿಗೆ ಕೊಟ್ಟ.