ಕರಾಟೆಯ ಹೆಣ್ಣುಮಕ್ಕಳೂ ಮಾನ್ಯತೆಯ ಕಾಗದವೂ

ಕಳೆದ ತಿಂಗಳಲ್ಲಿ ನಮ್ಮ ವಾಚಕರೊಬ್ಬರು ಕಚೇರಿಗೆ ಬಂದಿದ್ದರು. ಹೋಟೆಲೊಂದರಲ್ಲಿ ಹದಿನೆಂಟು ವರ್ಷಗಳಿಂದ ದುಡಿಯುತ್ತಿರುವವರು. ಒಂಬತ್ತನೆಯ ಇಯತ್ತೆಯಲ್ಲಿ ಓದುವ ಅವರ ಮಗಳು ಕರಾಟೆ ಕಲಿಯುತ್ತಿದ್ದು ಈಗ ಕಂದುಪಟ್ಟಿಯವರೆಗೆ ಬಂದಿದ್ದಾಳೆ. ಕಪ್ಪುಪಟ್ಟಿಯ ಪರೀಕ್ಷೆಗೆ ಶಿಕ್ಷಕರು ಕೇಳಿರುವ ಶುಲ್ಕವು ತಂದೆಯ ಅರ್ಧ ತಿಂಗಳ ಸಂಬಳಕ್ಕೆ ಸಮನಂತೆ. “ಧಣಿಗಳೇ, ಇಷ್ಟು ಹಣ ಸುರಿದರೆ ಮುಂದೆ ಅವಳಿಗೊಂದು ಸರಕಾರಿ ನೌಕರಿ ಸಿಕ್ಕೀತೇ?” ಎಂದು ಅವರು ಕೇಳಿದರು. ನಾವು ಗಲ್ಲೆ ಬಿಟ್ಟು ಲೇಖನಿ ಹಿಡಿದು ವರ್ಷಗಳಾದರೂ ಹಳೆಯ ಸಂಬೋಧನೆ ನಮ್ಮನ್ನು ಬಿಟ್ಟಿಲ್ಲ. ಪ್ರಶ್ನೆಯೋ, ಒಂದೇ ಮಾತಿನಲ್ಲಿ ಉತ್ತರಿಸುವಂತಹದಲ್ಲ.

ಕರಾಟೆಯಲ್ಲಿ ನಮ್ಮ ದೇಶದ ಹೆಣ್ಣುಮಗಳೊಬ್ಬಳು ಎಲ್ಲಿಯವರೆಗೆ ಹೋಗಬಲ್ಲಳೆಂಬುದಕ್ಕೆ ಮಧ್ಯಪ್ರದೇಶದ ಸುಪ್ರಿಯಾ ಜಾಟವ್ ಅವರ ನಿದರ್ಶನವಿದೆ. ಅಮೇರಿಕದ ಲಾಸ್ ವೇಗಸ್ ನಗರದಲ್ಲಿ 2019ರಲ್ಲಿ ಜರುಗಿದ ಯು. ಎಸ್. ಓಪನ್ ಪಂದ್ಯಾಟದಲ್ಲಿ ಅವರು ಸುವರ್ಣಪದಕವನ್ನು ಗಳಿಸಿದರು. ಅವರ ಬೆನ್ನಿಗಿದ್ದುದು ಭೋಪಾಲದಲ್ಲಿ ರಾಜ್ಯ ಸರಕಾರವು ನಡೆಸುವ ಸಮರಕಲೆಗಳ ಅಕಾಡೆಮಿ. ವಸತಿ, ಊಟ, ಶಿಕ್ಷಕರು, ದಿನಂಪ್ರತಿಯ ಅಭ್ಯಾಸ ಇವೆಲ್ಲವೂ ಒಂದೇ ಆವರಣದಲ್ಲಿ ದೊರೆಯುವುದು ಸಾಮಾನ್ಯ ಸಂಗತಿಯಲ್ಲ. ಊಟದ ಮಾತನ್ನು ನಾವು ಬೇಕೆಂದೇ ಎತ್ತಿದ್ದೇವೆ. ಬೆಳಿಗ್ಗೆ ಎರಡು ಇಡ್ಲಿ ತಿಂದು ಶಾಲೆಗೆ ಹೋಗಿ, ಸಂಜೆ ಚಹಾದ ಬಲದಲ್ಲಿ ಒಂದೂವರೆ ತಾಸು ಕಾಲೆತ್ತಿ ಒದೆಯುವ ಹುಡುಗಿಯ ಶರೀರಕ್ಕೆ ಅದು ಸಾಲದೆಂಬುದನ್ನು ಅಡಿಗೆಮನೆ ಬಲ್ಲವರಿಗೆ ಯಾವ ವೈದ್ಯರೂ ಹೇಳಬೇಕಾಗಿಲ್ಲ.

ಕರಾಟೆಯ ಮೂಲ ಜಪಾನಿನ ಓಕಿನಾವಾ ದ್ವೀಪ. 1901ರಲ್ಲಿ ಅದು ಅಲ್ಲಿನ ಶಾಲೆಯನ್ನು ಹೊಕ್ಕಿತು. 1922ರಲ್ಲಿ ಗಿಚಿನ್ ಫುನಾಕೋಶಿ ಎಂಬ ಗುರುಗಳು ಅದನ್ನು ಟೋಕಿಯೋಗೆ ತಂದರು. ವಿಶ್ವ ಪಂದ್ಯಾಟಗಳು 1970ರಲ್ಲಿ ಆರಂಭವಾದರೂ ಸ್ತ್ರೀಯರಿಗೆ ಅದರಲ್ಲಿ ಪ್ರವೇಶ ದೊರೆತುದು 1980ರಲ್ಲಿ, ಅದೂ ಏಕಾಂಗಿಯಾಗಿ ವರಸೆಗಳನ್ನು ಪ್ರದರ್ಶಿಸುವ ‘ಕಾತಾ’ ವಿಭಾಗದಲ್ಲಿ ಮಾತ್ರ. ಎದುರಾಳಿಯೊಡನೆ ಸೆಣಸುವ ‘ಕುಮಿತೆ’ಗೆ 1982ರವರೆಗೆ ಕಾಯಬೇಕಾಯಿತು. ಕುಮಿತೆಯಲ್ಲಿ ಮುಷ್ಟಿಯ ಹೊಡೆತಕ್ಕೆ ಒಂದು ಅಂಕ, ಹೊಟ್ಟೆ ಬೆನ್ನುಗಳಿಗೆ ಬೀಳುವ ಒದೆತಕ್ಕೆ ಎರಡು, ತಲೆಯ ಎತ್ತರದ ಒದೆತಕ್ಕೆ ಮೂರು. ಆದರೆ ಎದುರಾಳಿಗೆ ಗಾಯವಾಗದಂತೆ ಕೈಕಾಲನ್ನು ಹಿಡಿತದಲ್ಲಿಡಬೇಕು. ಬಲಕ್ಕಿಂತ ಸಂಯಮಕ್ಕೆ ಬೆಲೆಯುಳ್ಳ ಈ ಆಟವು ನಮ್ಮ ಹೆಣ್ಣುಮಕ್ಕಳಿಗೆ ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ.

ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಎಂದರೆ 2021ರ ಆಗಸ್ಟಿನಲ್ಲಿ, ಕರಾಟೆಗೆ ಮೊತ್ತಮೊದಲ ಬಾರಿಗೆ ಸ್ಥಾನ ಲಭಿಸಿತು. ಸ್ಪೇನಿನ ಸಾಂದ್ರಾ ಸಾಂಚೆಸ್ ಎಂಬ ಮಹಿಳೆ ತಮ್ಮ 39ನೆಯ ವಯಸ್ಸಿನಲ್ಲಿ ಕಾತಾ ವಿಭಾಗದ ಸುವರ್ಣವನ್ನು ಪಡೆದರು. ಭಾರತದಿಂದ ಒಬ್ಬರೂ ಅಲ್ಲಿಗೆ ಹೋಗಲಿಲ್ಲ. ಪ್ರತಿ ವಿಭಾಗಕ್ಕೆ ಹತ್ತೇ ಮಂದಿಯ ಮಿತಿಯಿದ್ದುದರಿಂದ ಇದನ್ನು ನಾವು ಯಾರ ಅಪರಾಧವೆಂದೂ ಹೇಳಲಾರೆವು. ಅನಂತರ ಆ ಬಾಗಿಲೂ ಮುಚ್ಚಿತು. 2024ರ ಪ್ಯಾರಿಸ್ಸಿನಲ್ಲಿ ಕರಾಟೆ ಇರಲಿಲ್ಲ. 2028ರ ಲಾಸ್ ಏಂಜಲಿಸ್ ಪಟ್ಟಿಯಲ್ಲಿಯೂ ಇಲ್ಲ. ಕ್ರಿಕೆಟ್ಟಿಗೆ ಅಲ್ಲಿ ಸ್ಥಾನ ಸಿಕ್ಕಿದ್ದಕ್ಕೆ ನಮ್ಮವರು ಹಿಗ್ಗಿದರು; ಕರಾಟೆಗೆ ಸಿಗಲಿಲ್ಲವೆಂದು ಮರುಗಿದವರು ವಿರಳ.

ಇದು ಹೊರಗಿನವರ ತೀರ್ಮಾನ. ಮನೆಯೊಳಗಿನ ಕಥೆ ಇದಕ್ಕಿಂತ ಶೋಚನೀಯವಾದುದು. ಭಾರತ ಕರಾಟೆ ಸಂಘದೊಳಗೆ ಪದಾಧಿಕಾರಿಗಳ ಕಲಹವು ಮಿತಿಮೀರಿ, 2020ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯೂ ವಿಶ್ವ ಕರಾಟೆ ಸಂಘವೂ ಅದರ ಮಾನ್ಯತೆಯನ್ನು ಕಿತ್ತುಕೊಂಡವು. ತರುವಾಯ ಕರಾಟೆ ಇಂಡಿಯಾ ಆರ್ಗನೈಸೇಶನ್ ಎಂಬ ಬೇರೊಂದು ಸಂಸ್ಥೆಯು ವಿಶ್ವ ಸಂಘದ ಅಂಗವಾಗಿ ಬಂದಿತು. ಪಾಲುದಾರರು ಜಗಳವಾಡಿ ಹೋಟೆಲಿನ ಲೈಸನ್ಸು ರದ್ದಾದರೆ ಭಟ್ಟರ ಕೈರುಚಿಯೇನೂ ಕೆಡುವುದಿಲ್ಲ. ಆದರೆ ಬಾಗಿಲು ಮುಚ್ಚಿದ ಹೋಟೆಲಿನಲ್ಲಿ ಅವರ ಸಾಂಬಾರನ್ನು ಉಣ್ಣುವವರಾರು? ಪಾಲುದಾರನಿಗೆ ಬೇರೆ ಗಂಟು ಇರುತ್ತದೆ, ಭಟ್ಟರಿಗೆ ತಿಂಗಳ ಸಂಬಳವೊಂದೇ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಹುಡುಗಿಯ ಪಾಲಿಗೆ ಕಳೆದುಹೋದ ಒಂದು ವರ್ಷವೂ ಅಂತಹದೇ. ಸಂಘದ ಅಧ್ಯಕ್ಷ ಪದವಿಗೆ ಐದು ವರ್ಷಗಳ ಮೇಲೂ ಸ್ಪರ್ಧಿಸಬಹುದು. ಅವಳ ವಯಸ್ಸು ಕಾಯುವುದಿಲ್ಲ.

ಜಗಳವು ಕರಾಟೆಗೆ ಮಾತ್ರ ಅಂಟಿದ ರೋಗವೆಂದು ನಾವು ಹೇಳುವುದಿಲ್ಲ. ಬಾಕ್ಸಿಂಗಿನಲ್ಲಿಯೂ 2012ರಲ್ಲಿ ಭಾರತದ ಸಂಘವನ್ನು ಅಂತಾರಾಷ್ಟ್ರೀಯ ಸಂಸ್ಥೆ ಅಮಾನತಿನಲ್ಲಿಟ್ಟಿತ್ತು. ಹೊಸ ಸಂಘವು ನೆಲೆನಿಂತುದು 2016ರಲ್ಲಿ. ಆದರೆ ಒಲಿಂಪಿಕ್ಸಿನ ಆಟವಾದುದರಿಂದ ಸರಕಾರವೂ ಪತ್ರಿಕೆಗಳೂ ಅದನ್ನು ಕಣ್ಣಿಟ್ಟು ನೋಡುತ್ತಿದ್ದವು. ಅಸ್ಸಾಮಿನ ಗೋಲಾಘಾಟ್ ಜಿಲ್ಲೆಯ ಲವ್ಲೀನಾ ಬೊರ್ಗೊಹಾಯಿನ್ ತಮ್ಮ ಅಕ್ಕಂದಿರಂತೆಯೇ ಮುವಾಯ್ ಥಾಯ್ ಎಂಬ ಸಮರಕಲೆಯಿಂದ ಆರಂಭಿಸಿದವರು. 2012ರ ಸುಮಾರಿಗೆ ಕ್ರೀಡಾ ಪ್ರಾಧಿಕಾರದ ಶಿಕ್ಷಕರೊಬ್ಬರ ಕಣ್ಣಿಗೆ ಬಿದ್ದು ಬಾಕ್ಸಿಂಗಿಗೆ ಬಂದರು. ಟೋಕಿಯೋದಲ್ಲಿ ಕಂಚಿನ ಪದಕ, 2023ರಲ್ಲಿ ದಿಲ್ಲಿಯಲ್ಲಿ ವಿಶ್ವ ಚಾಂಪಿಯನ್ ಪದವಿ, ಅಸ್ಸಾಮ್ ಪೋಲೀಸ್ ಇಲಾಖೆಯಲ್ಲಿ ಡಿ.ಎಸ್.ಪಿ. ಹುದ್ದೆ. ಅವರು ಮೊದಲಿನ ಆಟದಲ್ಲಿಯೇ ಉಳಿದಿದ್ದರೆ ಅಷ್ಟೇ ಬೆವರಿಗೆ ಇದರಲ್ಲಿ ಎಷ್ಟು ದೊರೆಯುತ್ತಿತ್ತು? ವಾಚಕರೇ ಊಹಿಸಬಹುದು.

ಇನ್ನು ನೌಕರಿಯ ಮಾತು. ಕೇಂದ್ರ ಸರಕಾರದ ಕ್ರೀಡಾ ನೇಮಕಾತಿಯ ಪಟ್ಟಿಯಲ್ಲಿ ಕರಾಟೆಯ ಹೆಸರಿದೆ. ಆದರೆ ಅಲ್ಲಿ ಕೇಳುವುದು ಪಟ್ಟಿಯ ಬಣ್ಣವನ್ನಲ್ಲ, ಯಾರ ಪರವಾಗಿ ಆಡಿದೆಯೆಂಬುದನ್ನು. ದೇಶದ ಪರವಾಗಿ ಆಡಿದ್ದರೆ ರಾಷ್ಟ್ರೀಯ ಸಂಘದ ಕಾರ್ಯದರ್ಶಿಯ ಪ್ರಮಾಣಪತ್ರ ಬೇಕು. ರಾಜ್ಯದ ಪರವಾಗಿಯಾದರೆ ರಾಜ್ಯ ಸಂಘದ್ದು, ವಿಶ್ವವಿದ್ಯಾಲಯದ ಪರವಾಗಿಯಾದರೆ ಅಲ್ಲಿನ ಕ್ರೀಡಾಧಿಕಾರಿಯದು, ರಾಷ್ಟ್ರೀಯ ಶಾಲಾ ಕ್ರೀಡಾಕೂಟವಾದರೆ ಶಿಕ್ಷಣ ಇಲಾಖೆಯದು. ಕಪ್ಪುಪಟ್ಟಿ ಎಂಬುದು ಆಯಾ ಶೈಲಿಯ ಗುರುಗಳು ತಮ್ಮ ಶಿಷ್ಯರಿಗೆ ಕೊಡುವ ಗೌರವ. ಶೋಟೋಕಾನ್, ಗೋಜು-ರ್ಯು, ಶಿತೋ-ರ್ಯು ಎಂದು ಶೈಲಿಗಳು ಅನೇಕ. ಅವುಗಳ ಹೆಸರಿನ ಶಾಲೆಗಳು ನಮ್ಮ ನಗರಗಳ ಒಂದೊಂದು ಬೀದಿಗೂ ಇವೆ. ಅವರಲ್ಲಿ ನಿಷ್ಠಾವಂತ ಶಿಕ್ಷಕರು ಇದ್ದಾರೆ. ವರ್ಷಕ್ಕೆರಡು ಬಣ್ಣ ಬದಲಿಸಿ ಶುಲ್ಕ ಎತ್ತುವವರೂ ಇದ್ದಾರೆ. ಬಂಗಾರದ ಅಂಚಿನ ಪ್ರಮಾಣಪತ್ರವು ಗೋಡೆಗೆ ಶೋಭೆ ತರುತ್ತದೆ. ನೇಮಕದ ಮೇಜಿನ ಮೇಲೆ ಅದರ ಕೆಳಗಿನ ಸಹಿ ಯಾರದೆಂದು ನೋಡುತ್ತಾರೆ. ರಾಷ್ಟ್ರೀಯ ಸಂಘವೇ ಮಾನ್ಯತೆ ಕಳೆದುಕೊಂಡಿರುವಾಗ ಬಿದ್ದ ಸಹಿಗೆ ಎಷ್ಟು ಬೆಲೆ ಎಂಬುದನ್ನು ಜಗಳವಾಡಿದ ಪದಾಧಿಕಾರಿಗಳು ಯೋಚಿಸಿದಂತೆ ಕಾಣುವುದಿಲ್ಲ.

ನಮ್ಮಲ್ಲಿಗೆ ಬಂದ ವಾಚಕರಿಗೆ ಇದನ್ನೆಲ್ಲ ವಿವರಿಸಿದೆವು. ಮಗಳನ್ನು ತರಗತಿಯಿಂದ ಬಿಡಿಸಬೇಡಿರೆಂದೂ ಹೇಳಿದೆವು. ರಾತ್ರಿಯ ಲೋಕಲ್ ಗಾಡಿಯಲ್ಲಿ ಅಂಜದೆ ಮನೆಗೆ ಬರುವ ಧೈರ್ಯವು ಅವಳಿಗೆ ಈಗಾಗಲೇ ಬಂದಿದೆಯೆಂದು ಅವರೇ ಒಪ್ಪಿದರು. ಅದಕ್ಕೆ ಯಾರ ಮಾನ್ಯತೆಯೂ ಬೇಕಿಲ್ಲ. ಆದರೆ ಪರೀಕ್ಷೆಯ ಶುಲ್ಕ ಕಟ್ಟುವ ಮೊದಲು ಶಿಕ್ಷಕರಲ್ಲಿ ಮೂರು ಮಾತು ಕೇಳಿರೆಂದೆವು. ನಿಮ್ಮ ಶಾಲೆ ಯಾವ ಜಿಲ್ಲಾ ಸಂಘಕ್ಕೆ ಸೇರಿದೆ, ಆ ಸಂಘವು ವಿಶ್ವ ಸಂಘ ಒಪ್ಪಿದ ರಾಷ್ಟ್ರೀಯ ಸಂಸ್ಥೆಗೆ ಸೇರಿದೆಯೇ, ಮಗಳನ್ನು ಈ ವರ್ಷದ ಶಾಲಾ ಕ್ರೀಡಾಕೂಟದ ಆಯ್ಕೆಗೆ ಕಳುಹಿಸುವಿರಾ. ಅವರು ಮೂರನ್ನೂ ಒಂದು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡು ಹೋದರು. ಮೊನ್ನೆ ಫೋನು ಮಾಡಿದ್ದರು. ಮೊದಲನೆಯದಕ್ಕೆ ಉತ್ತರ ಸಿಕ್ಕಿದೆಯಂತೆ. ಉಳಿದೆರಡಕ್ಕೆ ಶಿಕ್ಷಕರು ಮುಂದಿನ ವಾರ ಬರಹೇಳಿದ್ದಾರೆ.