ತೂಕದ ಯಂತ್ರಕ್ಕೆ ಶಕ್ತಿ ಅಳೆಯೋಕೆ ಬರಲ್ಲ

ಕುಸ್ತಿಪಟುವಿನ ತೂಕ ಮಿತಿ ಮೀರಿದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವ ಪದ ‘ಶಿಸ್ತು’. 2025ರ ಸೆಪ್ಟೆಂಬರ್‌ನಲ್ಲಿ ಝಾಗ್ರೆಬ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮನ್ ಸೆಹ್ರಾವತ್ 57 ಕೆ.ಜಿ. ವಿಭಾಗಕ್ಕೆ 1.7 ಕೆ.ಜಿ. ಹೆಚ್ಚು ತೂಗಿ ಅನರ್ಹರಾದರು. ಭಾರತೀಯ ಕುಸ್ತಿ ಫೆಡರೇಷನ್ ಅವರನ್ನು ಒಂದು ವರ್ಷ ಅಮಾನತು ಮಾಡಿತು, ಆಮೇಲೆ ಹಿಂಪಡೆಯಿತು. ಇದೇ ಅಮನ್ 2024ರಲ್ಲಿ ಪ್ಯಾರಿಸ್‌ನಲ್ಲಿ ಸೆಮಿಫೈನಲ್ ಸೋತ ಮೇಲೆ ಸುಮಾರು 10 ಗಂಟೆಯಲ್ಲಿ 4.6 ಕೆ.ಜಿ. ಇಳಿಸಿ ಮರುದಿನ ಕಂಚು ಗೆದ್ದಾಗ ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು. ಎರಡೂ ಸಲ ಆಡಿದ್ದು ಒಂದೇ ಜೂಜು. ಗೆದ್ದರೆ ಸಾಹಸ, ಸೋತರೆ ಅಶಿಸ್ತು ಅಂದ್ರೆ ಹೇಗೆ?

ಒಂದು ರಾತ್ರಿಯಲ್ಲಿ ಇಳಿಯುವುದು ಕೊಬ್ಬಲ್ಲ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ರಾತ್ರಿಯಿಡೀ ಓಡಿ, ಸೌನಾದಲ್ಲಿ ಕೂತು ಇಳಿಸುವುದು ಮುಖ್ಯವಾಗಿ ನೀರನ್ನು. ಸ್ನಾಯುವಿನ ಸುಮಾರು ಮುಕ್ಕಾಲು ಭಾಗ ನೀರೇ. ಅದರಲ್ಲಿ ಇಂಧನವಾಗಿ ಕೂತಿರುವ ಗ್ಲೈಕೋಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಹಾಗಾಗಿ ತೂಕ ಕೊಟ್ಟ ಮೇಲೆ ತಿಂದು ಕುಡಿದರೆ ದೇಹ ಸ್ಪಂಜಿನಂತೆ ಎಲ್ಲವನ್ನೂ ವಾಪಸ್ ಹೀರಿಕೊಳ್ಳುತ್ತದೆ.

ವಿನೇಶ್ ಫೋಗಟ್ ಸಿಕ್ಕಿಬಿದ್ದದ್ದು ಇಲ್ಲೇ. ಟೋಕಿಯೊದಲ್ಲಿ ಅವರು 53 ಕೆ.ಜಿ.ಯಲ್ಲಿ ಆಡಿದ್ದರು. ಪ್ಯಾರಿಸ್‌ಗೆ ಆ ವಿಭಾಗದ ಸ್ಥಾನವನ್ನು ಅಂತಿಮ್ ಪಂಘಲ್ ಗಳಿಸಿದ್ದರಿಂದ ವಿನೇಶ್ 50ಕ್ಕೆ ಇಳಿದರು. 2024ರ ಆಗಸ್ಟ್ 6ರಂದು ಜಪಾನಿನ ಯುಯಿ ಸುಸಾಕಿ ಅವರನ್ನೂ ಸೇರಿಸಿ ಮೂವರನ್ನು ಸೋಲಿಸಿದರು. ಮರುದಿನ ಬೆಳಗ್ಗೆ 100 ಗ್ರಾಂ ಹೆಚ್ಚು. ಸ್ಪರ್ಧೆಯ ಎರಡೂ ದಿನ ತೂಕ ನೋಡುವ ನಿಯಮ 2018ರಿಂದ ಇದೆ. ಸಹಜ ತೂಕದ ಹತ್ತಿರವೇ ಆಡಲಿ ಅನ್ನೋದು ಅದರ ಉದ್ದೇಶ. ಆದರೆ ಕೆಳಗಿನ ವಿಭಾಗಕ್ಕೆ ಇಳಿಯಲೇಬೇಕಾದ ಒತ್ತಡ ಹಾಗೇ ಉಳಿದರೆ ಒಂದು ರಾತ್ರಿಯ ಸಂಕಟ ಎರಡು ರಾತ್ರಿಯದಾಗುತ್ತದೆ, ಅಷ್ಟೇ.

ಇಳಿದರೆ ಲಾಭ ಇದೆ ಅಂತಲೇ ಎಲ್ಲರೂ ಇಳಿಯುತ್ತಾರೆ. ಎಂಜಿನಿಯರಿಂಗ್ ಓದಿದವನಾಗಿ ನನಗೆ ಇಲ್ಲಿ ಕಾಣುವ ಲೆಕ್ಕವೇ ಬೇರೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ, ದೇಹದ ತೂಕ ಗಾತ್ರವನ್ನು. ದೇಹ ದೊಡ್ಡದಾದಷ್ಟೂ ಬಲಕ್ಕಿಂತ ತೂಕವೇ ಬೇಗ ಏರುತ್ತದೆ. ಆದ್ದರಿಂದ ಕುಸ್ತಿಪಟುವಿಗೆ ಬೇಕಾದದ್ದು ದಪ್ಪ ತೋಳಲ್ಲ, ಪ್ರತಿ ಕೆ.ಜಿ.ಗೆ ಹೆಚ್ಚು ಬಲ. ತೂಕ ಹೆಚ್ಚಿಸದೇ ಇದನ್ನು ಬೆಳೆಸಬಹುದು. ಭಾರ ಜಾಸ್ತಿ, ಎತ್ತುವ ಸಂಖ್ಯೆ ಕಡಿಮೆ, ನಡುವೆ ಸಾಕಷ್ಟು ವಿಶ್ರಾಂತಿ: ಹೀಗೆ ಡೆಡ್‌ಲಿಫ್ಟ್, ಸ್ಕ್ವಾಟ್, ಪುಲ್-ಅಪ್ ಮಾಡಿದಾಗ ನರಗಳು ಇರುವ ಸ್ನಾಯುವನ್ನೇ ಹೆಚ್ಚು ದುಡಿಸಲು ಕಲಿಯುತ್ತವೆ. ಗರಡಿಯ ನೂರಾರು ದಂಡ, ಬಸ್ಕಿ ದಮ್ಮು ಕಟ್ಟುತ್ತವೆ. ಎದುರಾಳಿಯನ್ನು ನೆಲದಿಂದ ಎತ್ತುವ ಗರಿಷ್ಠ ಬಲಕ್ಕೆ ಏರುತ್ತಾ ಹೋಗುವ ಭಾರವೂ ಬೇಕು. ಒಂದಕ್ಕೊಂದು ಪೂರಕ, ವೈರಿಗಳಲ್ಲ.

ಆದರೆ ಇದಕ್ಕೆ ತಿಂಗಳುಗಳು ಬೇಕು, ಹೊಟ್ಟೆ ತುಂಬ ಊಟ ಬೇಕು, ನಿದ್ದೆ ಬೇಕು. ವರ್ಷಕ್ಕೆ ನಾಲ್ಕೈದು ಸಲ ನೀರು ಬಿಟ್ಟು ಒಣಗುವ ದೇಹದಲ್ಲಿ ಆ ಬಲ ಕಟ್ಟೋದು ಕಷ್ಟ. ಒಂದು ಕೈಯಲ್ಲಿ ಕಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕೆಡವಿದ ಹಾಗೆ.

ಇದರ ಅತಿರೇಕವನ್ನು ಅಮೆರಿಕ ನೋಡಿದೆ. 1997ರ ಕೊನೆಯಲ್ಲಿ ಸುಮಾರು ಐದು ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುತ್ತಲೇ ಸತ್ತರು. ಅಲ್ಲಿ ಯಾರೂ ಶಿಸ್ತಿನ ಪಾಠ ಹೇಳುತ್ತಾ ಕೂರಲಿಲ್ಲ, ನಿಯಮ ಬದಲಿಸಿದರು. ಕಾಲೇಜು ಕುಸ್ತಿಯಲ್ಲಿ ಸೌನಾ, ರಬ್ಬರ್ ಸೂಟ್ ನಿಷೇಧವಾಯಿತು. ಋತು ಶುರುವಾಗುವ ಮೊದಲೇ ಮೂತ್ರ ಪರೀಕ್ಷೆಯಿಂದ ದೇಹದಲ್ಲಿ ನೀರು ಸಾಕಷ್ಟಿದೆಯೇ ಎಂದು ನೋಡಿ, ಕೊಬ್ಬಿನ ಪ್ರಮಾಣ ಅಳೆದು, ಪ್ರತಿಯೊಬ್ಬರೂ ಇಳಿಯಬಹುದಾದ ಕನಿಷ್ಠ ತೂಕ ನಿಗದಿ ಮಾಡುತ್ತಾರೆ. ವಾರಕ್ಕೆ ದೇಹತೂಕದ ಶೇ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ.

ನಮಗೂ ಬೇಕಿರುವುದು ಇದೇ, ಅದೂ ಒಲಿಂಪಿಕ್ಸ್ ತಂಡಕ್ಕಿಂತ ಮೊದಲು ಶಾಲಾ ಮಟ್ಟದಲ್ಲಿ. ಮೈಸೂರು ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ‘ಜೋಡಿ ಕಟ್ಟುವ’ ಪದ್ಧತಿ ಇದೆ. ಅನುಭವಿಗಳು ಮೈಕಟ್ಟು, ಪಳಗಿದ ಪರಿ ನೋಡಿ ಸಮಬಲದವರನ್ನು ಎದುರುಬದುರು ನಿಲ್ಲಿಸುತ್ತಾರೆ. ತೂಕದ ವಿಭಾಗಗಳು ಹುಟ್ಟಿದ್ದೂ ಸಮಾನರು ಸೆಣಸಲಿ ಅಂತಲೇ. ಯಾರು ಹೆಚ್ಚು ಬಾಯಾರಿಕೆ ತಡೆಯುತ್ತಾರೆ ಅಂತ ನೋಡೋಕಲ್ಲ.

ಹದಿನಾಲ್ಕು ವರ್ಷದ ಹುಡುಗಿಗೆ ‘ಇನ್ನೆರಡು ಕೆ.ಜಿ. ಇಳಿಸು’ ಅನ್ನುವ ತರಬೇತುದಾರನಿಗೆ, ಇಲ್ಲ, ಈಕೆಯ ಕನಿಷ್ಠ ತೂಕ ಇಷ್ಟು ಅಂತ ಹೇಳುವ ಒಂದು ಕಾಗದ ಬೇಕು. ಬೆಳೆಯುವ ವಯಸ್ಸಿನಲ್ಲಿ ಅವಳು ಮೇಲಿನ ವಿಭಾಗಕ್ಕೆ ಹೋಗಲಿ, ಒಂದೆರಡು ಪಂದ್ಯ ಸೋಲಲಿ. ತಿಂದು, ಭಾರ ಎತ್ತಿ ಅವಳು ಗಳಿಸುವ ಬಲವನ್ನು ಬೆಳಗಿನ ತಕ್ಕಡಿ ಕಿತ್ತುಕೊಳ್ಳಲಾರದು.