ಹಾರದ ಜೊತೆಗೆ ಲೆಕ್ಕವೂ ಇರಲಿ

ಫುಟ್‌ಬಾಲ್ ಕ್ಲಬ್ಬುಗಳು ಹೊಸ ತರಬೇತುದಾರರನ್ನು ಅಭಿಮಾನಿಗಳಿಗೆ ಪರಿಚಯಿಸುವ ರೀತಿಯನ್ನು ಗಾಳಿಬೀಡಿನ ನನ್ನ ಮನೆಯಲ್ಲಿ ಕುಳಿತು ನೋಡುವಾಗ ಸರ್ಕಾರಿ ವರ್ಗಾವಣೆಗಳು ನೆನಪಾಗುತ್ತವೆ. ಬಂದವರಿಗೆ ಹಾರ, ಹೋದವರು ಏಕೆ ಹೋದರೆಂಬುದಕ್ಕೆ ಮೌನ.

ಬೆಂಗಳೂರು ಎಫ್‌ಸಿಯನ್ನೇ ನೋಡಿ. 2016ರಿಂದ ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2018ರಲ್ಲಿ ಮುಖ್ಯ ತರಬೇತುದಾರರಾದಾಗ, ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರಿಗೆ ಅವರ ಕೆಲಸವೇ ಪರಿಚಯಪತ್ರವಾಗಿತ್ತು. 2019ರಲ್ಲಿ ಐಎಸ್ಎಲ್ ಪ್ರಶಸ್ತಿಯೂ ಬಂತು. 2021ರ ಜನವರಿಯಲ್ಲಿ ಅವರು ನಿರ್ಗಮಿಸಿದರು. ಅಲ್ಲಿಂದ 2023ರ ಡಿಸೆಂಬರ್‌ವರೆಗೆ, ಹಂಗಾಮಿಯವರನ್ನು ಬಿಟ್ಟು, ಮಾರ್ಕೊ ಪೆಜ್ಜಾಯುಲಿ, ಸೈಮನ್ ಗ್ರೇಸನ್, ಜೆರಾರ್ಡ್ ಜರಗೋಜಾ ಎಂದು ಮೂವರು ಹೊಸಬರು ಬಂದರು.

ಕ್ಲಬ್ಬು ಖಾಸಗಿ ಉದ್ಯಮ, ವಿವರಣೆ ಏಕೆ ಕೊಡಬೇಕೆಂದು ಕೇಳಬಹುದು. ಆದರೆ ಸರಕು ಹಿಡಿಸದಿದ್ದರೆ ಬೇರೆ ಅಂಗಡಿಗೆ ಹೋಗುವ ಗ್ರಾಹಕನಂತಲ್ಲ ಅಭಿಮಾನಿ. ಸೋತಾಗಲೂ ಟಿಕೆಟ್ ಕೊಳ್ಳುವ ಆತನಿಗೆ ಉಳಿದಿರುವ ಏಕೈಕ ಹಕ್ಕು ಪ್ರಶ್ನಿಸುವುದು.

ಹಿಂದಿನವರು ಹೋದದ್ದೇಕೆ, ಹೊಸಬರಿಗೆ ಕೊಟ್ಟಿರುವ ಕಾಲಾವಕಾಶವೆಷ್ಟು, ಸ್ಥಳೀಯ ಯುವಕರಿಗೆ ಸಿಗುವ ಅವಕಾಶವೇನು—ಪರಿಚಯದ ದಿನವೇ ಈ ಮೂರನ್ನು ಹೇಳಲಿ. ನಮ್ಮ ಕಚೇರಿಗಳಲ್ಲಿ ಹಾರ ತಪ್ಪಿದರೂ ಅಧಿಕಾರ ಹಸ್ತಾಂತರದ ವರದಿ ತಪ್ಪುತ್ತಿರಲಿಲ್ಲ.